ಧ್ಯಾನಶೀಲೆ ಎಂದು ನಾನು ಬರೆದ ಮಗು

ಹದಿನೆಂಟು ಮಂದಿ ಎಳೆಯ ಮಕ್ಕಳು, ಅವರ ತಾಯಿತಂದೆಯರು, ಒಬ್ಬ ಟೀಚರು, ಒಬ್ಬ ಆಯಾ, ತಿಂಗಳಿಗೊಮ್ಮೆ ಬಂದುಹೋಗುವ ಒಬ್ಬ ತಜ್ಞೆ, ಇಷ್ಟು ಜನ ಕೂಡುವ ಜಾಗದಲ್ಲಿ ನಗೆಗೆ ಬರಗಾಲವೆಂಬುದಿಲ್ಲ. ಬಾಗಿಲ ಬಳಿ ಒಂದು ಕುರ್ಚಿ ಹಾಕಿಕೊಂಡು ಕುಳಿತರೆ ಸಾಕು, ಅದು ತಾನಾಗಿ ತೆವಳಿಕೊಂಡು ಬಂದು ತೊಡೆಯೇರುತ್ತದೆ. ಹಲಸೂರಿನ ಒಂದು ಶಿಶುವಿಹಾರದಲ್ಲಿ ಎರಡು ವರ್ಷ ಹಾಗೆ ಕುಳಿತಿದ್ದವನು ನಾನು. ಕಂಡ ಪ್ರಸಂಗಗಳಲ್ಲಿ ಕೆಲವನ್ನು ಇಲ್ಲಿ ಬರೆಯುತ್ತಿದ್ದೇನೆ. ಇವುಗಳಲ್ಲಿ ನಗೆಗೀಡಾದವನು ಬಹುಮಟ್ಟಿಗೆ ನಾನೇ ಎಂಬುದನ್ನು ಮೊದಲೇ ಒಪ್ಪಿಕೊಳ್ಳುವುದು ನ್ಯಾಯ. ಒಂದು ಪ್ರಸಂಗವನ್ನು ನೆನೆದಾಗಲಂತೂ ನನಗೆ ಇಂದಿಗೂ ನಗು ಅರ್ಧದಲ್ಲೇ ನಿಂತುಹೋಗುತ್ತದೆ.

೧. ನೇಮಕ

ವೃತ್ತಿಯಿಂದ ನಾನು ಹಳಗನ್ನಡದ ಅಧ್ಯಾಪಕ. ನಲವತ್ತು ವರ್ಷ ತಾಳೆಗರಿಗಳನ್ನು ಓದಿ, ಒಂದರೊಡನೊಂದನ್ನು ಹೋಲಿಸಿ, ಕವಿಯ ಬಾಯಿಂದ ಹೊರಟ ಮಾತು ಯಾವುದು, ನಡುವೆ ಪ್ರತಿ ಮಾಡಿದ ಲಿಪಿಕಾರ ಸೇರಿಸಿದ್ದು ಯಾವುದು ಎಂದು ಬೇರ್ಪಡಿಸುವುದೇ ನನ್ನ ಕಸುಬಾಗಿತ್ತು. ತಿಳಿಯದೆ ತಪ್ಪು ಬರೆದ ಲಿಪಿಕಾರನನ್ನು ಕ್ಷಮಿಸಬಹುದು, ಮೂಲವನ್ನು ಚಂದಗಾಣಿಸಲು ಹೋದವನನ್ನು ಕ್ಷಮಿಸಲಾಗದು ಎಂದು ಪ್ರತಿ ವರ್ಷವೂ ಮೊದಲ ತರಗತಿಯಲ್ಲೇ ಬೋಧಿಸುತ್ತಿದ್ದೆ. ಈ ಮಾತು ಮುಂದೆ ಬೇಕಾಗುತ್ತದೆ, ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

ಆ ಶಿಶುವಿಹಾರವನ್ನು ನಡೆಸುವ ಟೀಚರಮ್ಮ ನನ್ನ ಹಳೆಯ ವಿದ್ಯಾರ್ಥಿನಿ. ಒಂದು ದಿನ ಪುಲಿಕೇಶಿನಗರದ ನನ್ನ ಮನೆಗೆ ಬಂದು ಹೇಳಿದಳು: “ಸಾರ್, ನಿಮ್ಮ ಅಕ್ಷರ ಮುತ್ತಿನ ಹಾಗಿದೆ. ದಿನಾ ಒಂದೊಂದು ಮಗು ಡೈರೀಲೂ ಎರಡೆರಡು ಸಾಲು ಬರೆದ್ಕೊಟ್ರೆ ಸಾಕು. ಊಟ, ನಿದ್ದೆ, ಆಟ, ಅಷ್ಟೇ. ಮನೆಯವ್ರು ಅದನ್ನ ಓದಿ ಅವರ ಮಾತು ಬರೆದು ಕಳಿಸ್ತಾರೆ. ಮಾತು ಕಲಿಸೋ ಥೆರಪಿಸ್ಟ್ ಬಂದಾಗ ಎರಡನ್ನೂ ಓದ್ತಾರೆ. ಎಲ್ಲರೂ ಸೇರಿ ಮಗೂನ ನೋಡ್ಕೊಂಡ ಹಾಗಾಗತ್ತೆ.”

“ನನ್ನ ಪತ್ರಿಕೆಯಲ್ಲಿ ನಿನಗೆ ಬಂದ ಅಂಕವೆಷ್ಟು, ನೆನಪಿದೆಯೇ?” ಎಂದೆ.

“ಮೂವತ್ತೈದು ಸಾರ್. ಜಸ್ಟ್ ಪಾಸು. ಅದಕ್ಕೇ ನಾನೇ ಬರೆಯೋದು ಬಿಟ್ಟು ನಿಮ್ಮನ್ನ ಕೇಳ್ತಿರೋದು.”

೨. ಮೊದಲ ಕೃತಿ

ನನಗೆ ಎರಡು ಸಾಲಿನಲ್ಲಿ ಮುಗಿಸುವ ಅಭ್ಯಾಸವಿಲ್ಲ. ಇಂದಿರಾನಗರದ ಕಡೆಯ ಸ್ಟಾಫ್ ಕ್ವಾರ್ಟರ್ಸಿನಿಂದ ಒಬ್ಬ ಬಾಲಕ ಬರುತ್ತಿದ್ದ, ತಂದೆ ವಿಮಾ ಕಚೇರಿಯಲ್ಲಿ ನೌಕರರು. ಮೊದಲ ದಿನವೇ ಅವನ ಡೈರಿಯಲ್ಲಿ ಹೀಗೆ ಬರೆದೆ: “ಇಂದು ನಿಮ್ಮ ಚಿರಂಜೀವಿಯು ಮಧ್ಯಾಹ್ನಕಾಲದಲ್ಲಿ ತನ್ನ ಮುಂದಿರಿಸಿದ ಅನ್ನವನ್ನು ಮೊದಲು ಸಂಶಯದಿಂದಲೂ ಅನಂತರ ಅನಾದರದಿಂದಲೂ ಅವಲೋಕಿಸಿ, ತುದಿಯಲ್ಲಿ ನೆರೆಯ ಬಾಲಕನ ಬಟ್ಟಲಿನ ಪಾಯಸದಲ್ಲಿ ಅನುರಕ್ತನಾಗಿ, ಸಂತೃಪ್ತಚಿತ್ತದಿಂದ ವಿಶ್ರಮಿಸಿದನು.”

ಬರೆದು ಮುಗಿಸಿ ಎರಡು ಬಾರಿ ಓದಿಕೊಂಡೆ. ನಿವೃತ್ತನಾದ ಮೇಲೆ ಅಷ್ಟು ಒಳ್ಳೆಯ ವಾಕ್ಯ ನನಗೆ ದೊರೆತಿರಲಿಲ್ಲ.

ತಂದೆ ಅದರ ಫೋಟೊ ತೆಗೆದು ಪೋಷಕರ ವಾಟ್ಸ್ಯಾಪ್ ಗುಂಪಿಗೆ ಹಾಕಿ, ಅರ್ಥವಾದವರು ತಿಳಿಸಿ ಎಂದು ಕೇಳಿಕೊಂಡರಂತೆ. ಒಬ್ಬ ತಾಯಿ ಮಗುವಿಗೆ ಏನೋ ಬಹುಮಾನ ಬಂದಿದೆಯೆಂದು ತಿಳಿದು ಚಪ್ಪಾಳೆಯ ಚಿಹ್ನೆ ಕಳುಹಿಸಿದರು. ಅವರನ್ನು ನೋಡಿ ಮತ್ತೆಂಟು ಮಂದಿ ಚಪ್ಪಾಳೆ ತಟ್ಟಿದರು. ಮರುದಿನ ಬೆಳಿಗ್ಗೆ ತಂದೆ ಬಾಗಿಲಲ್ಲೇ ನನಗೆ ಕೈಮುಗಿದರು.

“ಸಾರ್, ನಾನು ಎಸ್ಸೆಸ್ಸೆಲ್ಸಿವರೆಗೂ ಕನ್ನಡ ಮೀಡಿಯಮ್ಮೇ. ರಾತ್ರಿ ನಮ್ಮಮ್ಮನಿಗೂ ಓದಿ ಹೇಳ್ದೆ, ಅವರು ಕಣ್ಮುಚ್ಕೊಂಡು ಕೇಳಿ ಕೊನೇಲಿ ನಮಸ್ಕಾರ ಮಾಡಿದ್ರು. ತಪ್ಪು ತಿಳ್ಕೋಬೇಡಿ, ಒಂದೇ ಒಂದು ಕೇಳ್ತೀನಿ. ನಮ್ಮುಡುಗ ನಿನ್ನೆ ಊಟ ಮಾಡಿದ್ನಾ, ಇಲ್ವಾ?”

೩. ಒಂದು ಸಭೆಯ ನಡಾವಳಿ

ಅದೇ ಬಾಲಕನಿಗೆ ಮೂತ್ರದ ಅವಸರವನ್ನು ತಿಳಿಸಲು ಮೂರು ಕಡೆ ಮೂರು ಕ್ರಮಗಳನ್ನು ಕಲಿಸಲಾಗಿತ್ತು. ಮನೆಯಲ್ಲಿ ‘ಸುಸು’ ಅನ್ನಬೇಕು. ಟೀಚರಮ್ಮನಿಗೆ ಕಿರುಬೆರಳೆತ್ತಿ ತೋರಿಸಬೇಕು. ಆಯಾ ಹಲಸೂರಿನಲ್ಲೇ ಹುಟ್ಟಿ ಬೆಳೆದ ತಮಿಳು ಮನೆತನದವಳು, ಅವಳಿಗೆ ‘ಒಣ್ಣುಕ್ಕು’ ಎನ್ನಬೇಕು. ಬಾಲಕ ವಿಧೇಯ. ಅವಸರವಾದಾಗ ಮೊದಲು ಬೆರಳೆತ್ತುತ್ತಿದ್ದ, ಬಳಿಕ ಸುಸು ಎನ್ನುತ್ತಿದ್ದ, ಅನಂತರ ಆಯಾಳನ್ನು ಹುಡುಕಿಕೊಂಡು ಹೋಗಿ ಅವಳ ಮಾತನ್ನೂ ಆಡುತ್ತಿದ್ದ. ಮೂರು ಮರ್ಯಾದೆಗಳೂ ಸಲ್ಲುವ ಹೊತ್ತಿಗೆ ಚಡ್ಡಿ ಒದ್ದೆಯಾಗಿರುತ್ತಿತ್ತು.

ಇದಕ್ಕಾಗಿ ಒಂದು ಶನಿವಾರ ಸಭೆ ಸೇರಿತು. ಕಮ್ಮನಹಳ್ಳಿಯಿಂದ ಬರುವ ಥೆರಪಿಸ್ಟ್, ಮೂವತ್ತರೊಳಗಿನ ಚುರುಕಾದ ಹೆಣ್ಣುಮಗಳು, “ಯಾವುದಾದ್ರೂ ಪರವಾಗಿಲ್ಲ, ಎಲ್ಲಾ ಕಡೆ ಒಂದೇ ಇರ್ಲಿ” ಎಂದಳು. ಆ ಒಂದು ಯಾವುದೆಂಬ ಚರ್ಚೆ ಒಂದು ಗಂಟೆ ನಡೆಯಿತು. ತಂದೆ ಸುಸುವನ್ನು ಬಿಡಲಿಲ್ಲ. ಟೀಚರಮ್ಮ ಬೆರಳನ್ನು ಇಳಿಸಲಿಲ್ಲ. “ಹೆಸ್ರು ಏನ್ ಬೇಕಾದ್ರೂ ಇಟ್ಕೊಳ್ಳಿ, ಒರ್ಸೋದು ನಾನು” ಎಂದಳು ಆಯಾ. ‘ಜಲಬಾಧೆ’ ಎಂಬ ಸಭ್ಯವಾದ ಪದ ನಮ್ಮಲ್ಲಿ ಮೊದಲಿಂದ ಉಂಟೆಂದು ನಾನು ಸೂಚಿಸಿದೆ, ಯಾರೂ ಅದನ್ನು ಗಮನಕ್ಕೆ ತೆಗೆದುಕೊಳ್ಳಲಿಲ್ಲ.

ಬಾಲಕ ಅಷ್ಟು ಹೊತ್ತೂ ತಂದೆಯ ತೊಡೆಯ ಮೇಲೆ ಕುಳಿತಿದ್ದ. ಸಭೆ ಮುಗಿದು ತಂದೆ ಎದ್ದು ನಿಂತಾಗ ಅವರ ಪ್ಯಾಂಟು ಮೊಣಕಾಲಿನವರೆಗೆ ನೆನೆದಿತ್ತು.

“ಪಾಪು ಬೆರಳೆತ್ಕೊಂಡೇ ಕೂತಿದ್ದ,” ಎಂದಳು ಆಯಾ. “ನೀವೆಲ್ಲ ಮೀಟಿಂಗಲ್ಲಿ ಇದ್ರಿ.”

೪. ರೆಕ್ಕೆಯ ಅಂಗಿ

ಇನ್ನು ನಾನು ಹೇಳಬೇಕಾದ ಮಗುವಿನ ವಿಷಯ. ಮೂರು ವರ್ಷ ತುಂಬಿದ ಹೆಣ್ಣುಮಗು. ತಾಯಿತಂದೆ ಕಲಬುರಗಿಯ ಕಡೆಯವರು. ಹಲಸೂರು ಕೆರೆಯ ಹಿಂದಿನ ಗಲ್ಲಿಯಲ್ಲಿ ಒಂದೇ ಕೋಣೆಯ ಬಾಡಿಗೆ ಮನೆ. ತಂದೆಗೆ ಕಟ್ಟಡದ ಕೆಲಸ, ತಾಯಿಗೆ ಇಂದಿರಾನಗರದ ಮನೆಗಳಲ್ಲಿ ಕೆಲಸ. ಬೆಳಿಗ್ಗೆ ಏಳೂವರೆಗೆ ಮಗುವನ್ನು ತಂದು ಬಿಡುತ್ತಿದ್ದಳು. ಆ ಹೊತ್ತಿಗೆ ಅಲ್ಲಿರುತ್ತಿದ್ದವರು ಆಯಾ ಮತ್ತು ನಿದ್ರೆ ಕಡಮೆಯಾದ ನಾನು. ತಾಯಿ ನನ್ನನ್ನು ತನ್ನ ಸೀಮೆಯ ರೂಢಿಯಂತೆ ಮುತ್ಯಾ ಎಂದು ಕರೆದಳು, ಎಂದರೆ ಅಜ್ಜ.

ಒಂದು ದಿನ ಮಗು ಬಟ್ಟೆಯ ಮೇಲೆ ಸಾರು ಚೆಲ್ಲಿಕೊಂಡಿತು. ಬದಲಿ ಬಟ್ಟೆ ಇರಲಿಲ್ಲ. ಯಾರೋ ದಾನವಾಗಿ ಕೊಟ್ಟಿದ್ದ ಕ್ರಿಸ್‌ಮಸ್ ನಾಟಕದ ಬಿಳಿಯ ನಿಲುವಂಗಿಯೊಂದು ಪೆಟ್ಟಿಗೆಯಲ್ಲಿತ್ತು, ಬೆನ್ನಿಗೆ ಎರಡು ಜರಿಯ ರೆಕ್ಕೆ ಹೊಲಿದದ್ದು. ಆಯಾ ಅದನ್ನೇ ತೊಡಿಸಿದಳು. ನಾನು ಡೈರಿಯಲ್ಲಿ, “ಇದು ತಾತ್ಕಾಲಿಕ ಪರಿಧಾನ, ನಾಳೆ ವಸ್ತ್ರಾಂತರವೊಂದನ್ನು ದಯಪಾಲಿಸಿ ಇದನ್ನು ಪ್ರತ್ಯರ್ಪಿಸುವುದು” ಎಂದು ಬರೆದೆ.

ಮರುದಿನ ಮಗು ರೆಕ್ಕೆಯೊಡನೆಯೇ ಬಂತು. ಅದರ ಮರುದಿನವೂ ಹಾಗೆಯೇ. ನಾಲ್ಕು ದಿನ ಹಲಸೂರಿನ ಬಜಾರಿನ ನಡುವೆ, ತರಕಾರಿ ಗಾಡಿಗಳ ಪಕ್ಕದಲ್ಲಿ, ತಾಯಿಯ ಸೊಂಟದ ಮೇಲೆ ಒಬ್ಬ ದೇವದೂತೆ ಸಂಚರಿಸಿದಳು. ಡೈರಿ ಮಾತ್ರ ಹಿಂದಿರುಗಲಿಲ್ಲ. ಕೊನೆಗೆ ಕೇಳಿದೆ.

“ಇದು ಯೂನಿಫಾರ್ಮ್ ಅಲ್ಲೇನ್ರಿ ಮುತ್ಯಾ?” ಎಂದಳು ತಾಯಿ, ಮುಖ ಸಣ್ಣದು ಮಾಡಿಕೊಂಡು. “ದಿನಾ ಸಂಜೀಕ ಒಗದು ಹಾಕಾಕತ್ತಿದ್ದೆ. ಆ ರೆಕ್ಕಿ ಒಣಗಸೂದ ದೊಡ್ಡ ಕೆಲಸ ಆಗಿತ್ರಿ.”

“ಡೈರಿಯಲ್ಲಿ ಬರೆದಿದ್ದೆನಲ್ಲಮ್ಮ?”

“ನನಗ ಓದಾಕ ಬರಂಗಿಲ್ರಿ. ಬಾಜೂ ಮನಿ ಹುಡುಗಿಗೆ ತೋರ್ಸಿದೆ. ಮಂತ್ರ ಇದ್ದಂಗ ಅದ ಅಂದ್ಳು. ಅದಕ್ಕ ದೇವರ ಮುಂದ ಇಟ್ಟು ಕುಂಕುಮ ಹಚ್ಚೀನ್ರಿ.”

೫. ಧ್ಯಾನಶೀಲೆ

ಅಂದಿನಿಂದ ಒಂದು ವ್ಯವಸ್ಥೆಯಾಯಿತು. ತಾಯಿ ಪ್ರತಿದಿನ ಬೆಳಿಗ್ಗೆ ಬಾಯಲ್ಲಿ ಹೇಳುವುದು, ಥೆರಪಿಸ್ಟ್ ಓದಲೆಂದು ನಾನು ಅದನ್ನು ಡೈರಿಯಲ್ಲಿ ಬರೆಯುವುದು. ಥೆರಪಿಸ್ಟ್ ಬರುವುದು ತಿಂಗಳ ಮೊದಲ ಶನಿವಾರ ಹನ್ನೊಂದಕ್ಕೆ, ತೆರಳುವುದು ಒಂದಕ್ಕೆ. ತಾಯಿ ಕೆಲಸ ಮುಗಿಸಿ ಬರುವುದು ನಾಲ್ಕಕ್ಕೆ. ಅವರಿಬ್ಬರೂ ಒಬ್ಬರನ್ನೊಬ್ಬರು ಕಂಡದ್ದೇ ಇಲ್ಲ. ಅವರ ನಡುವೆ ಇದ್ದದ್ದು ಡೈರಿಯೊಂದೇ, ಆ ಡೈರಿಗೂ ಅವರಿಗೂ ನಡುವೆ ಇದ್ದವನು ನಾನು.

ಮೊದಲ ವಾರದಲ್ಲೇ ಒಂದು ಬೆಳಿಗ್ಗೆ ತಾಯಿ ಹೇಳಿದಳು: “ಮುತ್ಯಾ, ಹಿಂದಿಂದ ಕರದ್ರ ಕೂಸು ಹೊಳ್ಳಿ ನೋಡಂಗಿಲ್ರಿ. ಎದುರಿಗಿ ಹೋಗಿ ನಿಂತ್ರ ನಗತಾಳ. ಕೊಡ ಬಿದ್ರ ಬೆಚ್ಚತಾಳ, ಮೆಲ್ಲಕ ಕರದ್ರ ಇಲ್ಲ. ನನಗ ಅಂಜಕಿ ಆಗ್ಯದ. ಡಾಕ್ಟರಮ್ಮಗ ಹಿಂಗ ಅದ ಅಂತ ಬರೀರಿ.”

ನಾನು ಬರೆದದ್ದು: “ಈ ಬಾಲೆಯು ಸ್ವಭಾವತಃ ಧ್ಯಾನಶೀಲೆ. ಹೊರಗಿನ ಕರೆಗಳಿಂದ ಸುಲಭವಾಗಿ ವಿಚಲಿತಳಾಗುವವಳಲ್ಲ. ಪರಿಚಿತರ ಮುಖದರ್ಶನದಿಂದ ಪ್ರಸನ್ನಳಾಗುತ್ತಾಳೆ.”

ಏಕೆ ಹಾಗೆ ಬರೆದೆನೆಂದು ನನ್ನನ್ನು ನಾನೇ ಎಷ್ಟೋ ಬಾರಿ ಕೇಳಿಕೊಂಡಿದ್ದೇನೆ. ಓದು ಬಾರದ ಹೆಂಗಸಿನ ಅಂಜಿಕೆಯನ್ನು ಹಾಗೆಯೇ ಬರೆದರೆ ಅವಳಿಗೂ ಮಗುವಿಗೂ ಗೌರವವಲ್ಲವೆಂದು ಆಗ ತೋರಿತ್ತು. ಇದು ಅರ್ಧ ಸತ್ಯ. ಉಳಿದ ಅರ್ಧವೆಂದರೆ, ‘ಧ್ಯಾನಶೀಲೆ’ ಎಂಬ ಪದ ಲೇಖನಿಯ ತುದಿಗೆ ಬಂದಾಗ ಅದನ್ನು ಹಿಂದಕ್ಕೆ ಕಳುಹಿಸುವ ಮನಸ್ಸು ನನಗಾಗಲಿಲ್ಲ.

ಆಮೇಲೆ ಅದೊಂದು ಚಟವಾಯಿತು. “ಟಿವಿ ಮುಂದ ಮೂಗ ಹಚ್ಚಿ ಕುಂದರತಾಳ, ಭಾಳ ಜೋರ ಇಡ್ರಿ ಅಂತ ಕೈಸನ್ನಿ ಮಾಡ್ತಾಳ” ಎಂದಳು ತಾಯಿ. ‘ಕಲಾಸಾಮೀಪ್ಯವನ್ನು ಬಯಸುವ ರಸಿಕೆ’ ಎಂದು ಬರೆದೆ. “ಅಪ್ಪ ಅನ್ನಂಗಿಲ್ಲ, ಬರೇ ಪಾ ಅಂತಾಳ, ಮುಂದ ಮಾತಿಲ್ಲ” ಎಂದಳು. ‘ಮಿತಭಾಷಿಣಿ’ ಎಂದು ಬರೆದೆ. ಬರೆದುದನ್ನು ಅವಳಿಗೆ ಓದಿ ಹೇಳುತ್ತಿದ್ದೆ. ಅವಳು ತಲೆ ಬಾಗಿಸಿ ಕೇಳಿ, ಸೆರಗು ಸರಿಪಡಿಸಿಕೊಂಡು ಕೆಲಸಕ್ಕೆ ಹೋಗುತ್ತಿದ್ದಳು.

ಥೆರಪಿಸ್ಟ್ ಮಗುವನ್ನು ಎದುರಿಗೆ ಕೂರಿಸಿಕೊಂಡು ಮಾತಾಡಿಸುತ್ತಿದ್ದಳು. ಮಗು ಅವಳ ತುಟಿಯನ್ನೇ ನೋಡುತ್ತ ನಗುತ್ತಿತ್ತು, ಚೆಂಡು ಕೇಳಿದರೆ ಚೆಂಡನ್ನೇ ಕೊಡುತ್ತಿತ್ತು. “ಊರು ಹೊಸದು, ಸುತ್ತ ನಾಲ್ಕು ಭಾಷೆ. ಮಾತು ಸ್ವಲ್ಪ ಲೇಟಾಗಬಹುದು, ಕಾಯೋಣ” ಎಂದಳು. ಡೈರಿಯ ಪುಟ ಮಗುಚುತ್ತ, “ಎಷ್ಟು ಪಾಸಿಟಿವ್ ಆಗಿ ಬರೀತೀರಿ ಸಾರ್. ಬೇರೆ ಕಡೆ ಬರೀ ಕಂಪ್ಲೇಂಟೇ ಇರತ್ತೆ” ಎಂದೂ ಸೇರಿಸಿದಳು.

ಸೋಮವಾರ ತಾಯಿ ಕೇಳಿದಳು: “ಡಾಕ್ಟರಮ್ಮ ಏನಂದ್ರು ಮುತ್ಯಾ?”

“ಬಹಳ ಮೆಚ್ಚಿಕೊಂಡರು” ಎಂದೆ. ಮೆಚ್ಚಿದ್ದು ಯಾವುದನ್ನು ಎಂದು ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ.

೬. ಒಂದು ಪದದ ಅಭಾವ

ಹೀಗೆ ನಾಲ್ಕು ತಿಂಗಳು ಕಳೆಯಿತು. ಐದನೆಯ ತಿಂಗಳು ಥೆರಪಿಸ್ಟಿಗೆ ಹನ್ನೊಂದು ಗಂಟೆಗೆ ಕೆ.ಆರ್. ಪುರದಲ್ಲಿ ಬೇರೆ ಕೆಲಸ ಬಿತ್ತು. ಬೆಳಿಗ್ಗೆ ಏಳೂವರೆಗೇ ಬಂದಳು. ಬಾಗಿಲಲ್ಲಿ ತಾಯಿ ನನಗೆ ಅಂದಿನ ಮಾತು ಹೇಳುತ್ತಿದ್ದಳು: “ನಿನ್ನಿ ಬೀದ್ಯಾಗ ಹಿಂದಿಂದ ಗಾಡಿ ಹಾರ್ನ್ ಹೊಡದ್ರೂ ಸರೀಲಿಲ್ರಿ. ನಾ ಓಡಿ ಹೋಗಿ ಎತ್ಕೊಂಡೆ.”

ಥೆರಪಿಸ್ಟ್ ಚೀಲವನ್ನು ನೆಲಕ್ಕಿಟ್ಟಳು. “ಇದನ್ನ ಯಾಕಮ್ಮ ನೀವು ಮೊದ್ಲೇ ಹೇಳ್ಲಿಲ್ಲ?”

“ಹೇಳೀನ್ರಿ. ನಾಕು ತಿಂಗಳಿಂದ ಹೇಳಾಕತ್ತೀನಿ. ಮುತ್ಯಾ ಬರಕೊಂಡಾರ.”

ಥೆರಪಿಸ್ಟ್ ನನ್ನ ಕೈಯಿಂದ ಡೈರಿ ತೆಗೆದುಕೊಂಡು ಮೊದಲ ಪುಟದಿಂದ ಗಟ್ಟಿಯಾಗಿ ಓದತೊಡಗಿದಳು. ಧ್ಯಾನಶೀಲೆ ಬಂದಳು, ರಸಿಕೆ ಬಂದಳು, ಮಿತಭಾಷಿಣಿಯೂ ಬಂದಳು. ಆಯಾ ಪೊರಕೆಗೆ ಗಲ್ಲವಾನಿಸಿ ನಿಂತು ಕೊನೆಯವರೆಗೂ ಕೇಳಿದಳು.

“ತಾತಾ, ಇದ್ರಲ್ಲಿ ಕಿವಿ ಎಲ್ಲಿದೆ?” ಎಂದಳು ಆಯಾ.

ಎಲ್ಲಿಯೂ ಇರಲಿಲ್ಲ. ನಾಲ್ಕು ತಿಂಗಳ ಬರಹದಲ್ಲಿ ಆ ಎರಡಕ್ಷರದ ಪದ ಒಮ್ಮೆಯೂ ಬಂದಿರಲಿಲ್ಲ.

ಥೆರಪಿಸ್ಟ್ ಮಗುವಿನ ಬೆನ್ನ ಹಿಂದೆ ಹೋಗಿ ನಿಂತು ಅದರ ಹೆಸರು ಹಿಡಿದು ಕರೆದಳು. ಮಗು ಮರದ ಘನಗಳನ್ನು ಒಂದರ ಮೇಲೊಂದು ಜೋಡಿಸುತ್ತಲೇ ಇತ್ತು. ಎರಡನೆಯ ಬಾರಿ ಕರೆದಳು. ಮಗು ಐದನೆಯ ಘನವನ್ನಿಟ್ಟಿತು. ಆಯಾ ಸ್ಟೀಲ್ ತಟ್ಟೆಯೊಂದನ್ನು ನೆಲಕ್ಕೆ ಬಿಟ್ಟಾಗ ಮಾತ್ರ ತಿರುಗಿ ನೋಡಿತು. “ನಾಲ್ಕು ಸಲ ಎದುರಿಗೇ ಕೂರಿಸ್ಕೊಂಡೆ,” ಎಂದಳು ಥೆರಪಿಸ್ಟ್ ತನಗೇ ಎಂಬಂತೆ, “ಒಂದ್ಸಲಾನೂ ಹಿಂದೆ ನಿಂತು ಕರೀಲಿಲ್ಲ ನಾನು.”

ಆ ವಾರವೇ ಆಸ್ಪತ್ರೆಯಲ್ಲಿ ಪರೀಕ್ಷೆಯಾಯಿತು. ನಾನೂ ಹೋಗಿದ್ದೆ. ಎರಡು ಕಿವಿಗಳಲ್ಲೂ ಶ್ರವಣ ಮಂದವಾಗಿದೆ, ಯಂತ್ರ ಹಾಕಿದರೆ ಕೇಳುತ್ತದೆ, ಮಾತೂ ಬರುತ್ತದೆ ಎಂದರು ವೈದ್ಯರು. “ಈಗ್ಲೂ ಕಾಲ ಮೀರಿಲ್ಲ. ನಾಲ್ಕು ತಿಂಗಳು ಮುಂಚೆ ಬಂದಿದ್ರೆ ಇನ್ನೂ ಒಳ್ಳೇದಿತ್ತು. ಈ ವಯಸ್ಸಲ್ಲಿ ಒಂದೊಂದು ತಿಂಗಳೂ ಲೆಕ್ಕಕ್ಕೆ ಬರತ್ತೆ” ಎಂದರು. ಅವರು ನೋಡಿದ್ದು ತಾಯಿಯ ಮುಖವನ್ನು. ನೋಡಬೇಕಾಗಿದ್ದದ್ದು ನನ್ನ ಮುಖವನ್ನು.

ಹೊರಗಿನ ಬೆಂಚಿನ ಮೇಲೆ ಅವಳ ಪಕ್ಕದಲ್ಲಿ ಕುಳಿತೆ. ಮೂಲವನ್ನು ಚಂದಗಾಣಿಸಿದ ಲಿಪಿಕಾರನನ್ನು ನಲವತ್ತು ವರ್ಷ ತರಗತಿಯಲ್ಲಿ ಬೈದವನು ನಾನು. ಆ ಲಿಪಿಕಾರರಾದರೋ ಎಷ್ಟೋ ಕಾಲದ ಹಿಂದೆ ತೀರಿಹೋದ ಕವಿಯ ಮಾತನ್ನು ತಿದ್ದಿದವರು. ನಾನು ತಿದ್ದಿದ್ದು ಎದುರಿಗೆ ನಿಂತು ಮಾತಾಡುತ್ತಿದ್ದ ತಾಯಿಯ ಮಾತನ್ನು. ಅವರು ಗ್ರಂಥದ ಕೊನೆಯಲ್ಲಿ, ತಪ್ಪಿದ್ದರೆ ತಿದ್ದಿಕೊಂಡು ಓದಿ ಎಂದು ಬೇಡಿಕೊಳ್ಳುವ ವಿನಯವನ್ನಾದರೂ ತೋರುತ್ತಿದ್ದರು. ನನ್ನಿಂದ ತಪ್ಪಾಯಿತು ತಾಯಿ ಎಂದೆ. ಅದಕ್ಕಿಂತ ಉದ್ದವಾದ ವಾಕ್ಯ ಅಂದು ನನಗೆ ಸಾಧ್ಯವಾಗಲಿಲ್ಲ.

ಅವಳು ಸ್ವಲ್ಪ ಹೊತ್ತು ಮಗುವಿನ ತಲೆ ಸವರುತ್ತಿದ್ದಳು.

“ನೀವು ಓದಿ ಹೇಳಿದಾಗ ನನಗೇನೂ ತಿಳೀತಿದ್ದಿಲ್ರಿ ಮುತ್ಯಾ. ಕೇಳಾಕ ಮಾತ್ರ ಚಂದ ಇರ್ತಿತ್ತು. ನನ್ನ ಮಗಳ ಬಗ್ಗೆ ಯಾರೂ ಅಷ್ಟು ಚಂದ ಮಾತಾಡಿದ್ದಿಲ್ಲ. ಅದಕ್ಕ ನಾನೂ ಸುಮ್ನಿದ್ದೆ.” ಮಗುವನ್ನು ಸೊಂಟಕ್ಕೇರಿಸಿಕೊಂಡು ಹೇಳಿದಳು: “ಇನ್ನ ಮ್ಯಾಲ ಚಂದ ಬ್ಯಾಡ್ರಿ.”

ನನ್ನ ಗದ್ಯಶೈಲಿಯನ್ನು ಕುರಿತು ದೊಡ್ಡ ದೊಡ್ಡ ವಿಮರ್ಶೆಗಳು ಬಂದದ್ದುಂಟು. ಇಷ್ಟು ಸಂಕ್ಷಿಪ್ತವೂ ಇಷ್ಟು ಸರಿಯೂ ಆದದ್ದು ಇದೊಂದೇ.

೭. ಕೇಳಿಸಿತು

ಆರು ವಾರಗಳ ಮೇಲೆ ಯಂತ್ರ ಬಂತು, ಒಂದೊಂದು ಕಿವಿಗೂ ಒಂದೊಂದು, ಹುಣಿಸೆಬೀಜಕ್ಕಿಂತ ಸ್ವಲ್ಪ ದೊಡ್ಡವು. ಅಂದು ತಾಯಿ ಕೆಲಸಕ್ಕೆ ರಜೆ ಹಾಕಿದ್ದಳು. ಥೆರಪಿಸ್ಟ್ ಎಲ್ಲರಿಗೂ ಮೊದಲೇ ಎಚ್ಚರಿಸಿದಳು: ಒಬ್ಬೊಬ್ಬರೇ ಮಾತಾಡಬೇಕು, ಎದುರಿಗೆ ಕುಳಿತು ಮಾತಾಡಬೇಕು, ಸಣ್ಣ ಸಣ್ಣ ಮಾತಾಡಬೇಕು. ಕೊನೆಯ ನಿಯಮವನ್ನು ಹೇಳುವಾಗ ಎಲ್ಲರೂ ಏಕೋ ನನ್ನ ಕಡೆ ನೋಡಿದರು.

ಯಂತ್ರ ಹಾಕಿದೊಡನೆ ಮಗು ಬೆಚ್ಚಿ ಮೇಲಿನ ಫ್ಯಾನನ್ನು ನೋಡಿತು. ಕಿಟಕಿಯಲ್ಲಿ ಪಾರಿವಾಳ ರೆಕ್ಕೆ ಬಡಿಯಿತು, ಅತ್ತ ತಿರುಗಿತು. ಆಯಾಳ ಬಳೆ ಸದ್ದಾಯಿತು. ಮಗು ಅವಳ ಕೈ ಹಿಡಿದು ತಾನೇ ಅಲುಗಾಡಿಸಿ, ಸದ್ದು ಮತ್ತೆ ಬಂದದ್ದನ್ನು ಕೇಳಿ ನಕ್ಕಿತು. ಆಮೇಲೆ ತಾಯಿ ಬೆನ್ನ ಹಿಂದಿನಿಂದ, ಮೆಲ್ಲನೆ, ಹೆಸರು ಹಿಡಿದು ಕರೆದಳು. ಮಗು ಹೊಳ್ಳಿ ನೋಡಿತು. ತಾಯಿ ಸೆರಗಿನಿಂದ ಮುಖ ಮುಚ್ಚಿಕೊಂಡಳು.

“ಸಾರ್, ನೀವೂ ಒಂದು ಮಾತು ಹೇಳಿ” ಎಂದಳು ಟೀಚರಮ್ಮ.

ನಾನು ಕೆಳಗೆ ಚಾಪೆಯ ಮೇಲೆ ಮಗುವಿನ ಎದುರು ಕುಳಿತೆ. ತಪ್ಪೊಪ್ಪಿಗೆಯೂ ಹರಕೆಯೂ ಕೂಡಿದ ಮೂರು ವಾಕ್ಯಗಳನ್ನು ಮನಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದೆ. ಸಣ್ಣವೆಂದೇ ನಾನು ತಿಳಿದಿದ್ದೆ. “ವತ್ಸೇ, ಶಬ್ದಪ್ರಪಂಚದ ಹೆಬ್ಬಾಗಿಲಿನಲ್ಲಿ ನಿಂತಿರುವ ನಿನಗೆ, ನಿನ್ನ ಈ ಪ್ರವೇಶವನ್ನು ಅಜ್ಞಾನದಿಂದ ವಿಳಂಬಗೊಳಿಸಿದ ಈ ವೃದ್ಧನು...” ಎಂದು ಆರಂಭಿಸಿದೆ.

ಮಗು ನನ್ನ ತುಟಿಯನ್ನು ಗಮನವಿಟ್ಟು ನೋಡಿತು. ವಾಕ್ಯ ಮುಂದುವರಿಯಿತು. ಮಗು ಕೈಯೆತ್ತಿ ಬಲಗಿವಿಯ ಯಂತ್ರವನ್ನು ತೆಗೆಯಿತು. ಆಮೇಲೆ ಎಡಗಿವಿಯದನ್ನು. ಎರಡನ್ನೂ ನನ್ನ ಅಂಗೈಯಲ್ಲಿಟ್ಟು, ನನ್ನ ಬೆರಳುಗಳನ್ನು ಒಂದೊಂದಾಗಿ ಮಡಿಸಿ ಮುಚ್ಚಿ, ತನ್ನ ಘನಗಳ ಬಳಿಗೆ ಹಿಂದಿರುಗಿತು.

“ಒಳ್ಳೇ ಸೈನ್ ಸಾರ್ ಇದು,” ಎಂದಳು ಥೆರಪಿಸ್ಟ್, ನಗು ತಡೆದುಕೊಂಡು. “ಚೆನ್ನಾಗಿ ಕೇಳಿಸ್ತು ಅಂತ ಅರ್ಥ.”

“ನಮ್ಮ ಕ್ಲಾಸಲ್ಲಿ ಈ ಸೌಕರ್ಯ ಇರ್ಲಿಲ್ಲ” ಎಂದಳು ಟೀಚರಮ್ಮ.

ಮರುದಿನ ಏಳೂವರೆಗೆ ತಾಯಿ ಬಂದಳು. ನಾನು ಡೈರಿ ತೆರೆದು ಲೇಖನಿ ಹಿಡಿದೆ. ಅವಳು ಒಂದೊಂದೇ ಮಾತು ಬಿಡಿಸಿ ಹೇಳಿದಳು, ನಾನು ಒಂದೊಂದೇ ಮಾತು ಬರೆದೆ. ಒಂದು ಕಡೆ ನನ್ನ ಲೇಖನಿ ನಿಂತಿತು.

“ಯಾಕ್ರಿ, ಏನರ ತಿದ್ದಾಕತ್ತೀರೇನ್ರಿ?”

“ಇಲ್ಲಮ್ಮ.”

“ಹಂಗಾರ ಓದ್ರಿ.”

ಓದಿದೆ: “ಮಷೀನ್ ಹಾಕ್ಕೊಂಡ್ಳು. ಬಳಿ ಸಪ್ಪಳ ಕೇಳಿ ನಕ್ಕಳು. ಹಿಂದಿಂದ ಕರದ್ರ ಹೊಳ್ಳಿ ನೋಡಿದ್ಳು. ಮುತ್ಯಾ ಭಾಳ ಮಾತಾಡಿದ್ರ ತೆಗದು ಇಡ್ತಾಳ.”

“ಹಾಂ, ಈಗ ಖರೆ ಅದ” ಎಂದು ಹೇಳಿ ಅವಳು ಕೆಲಸಕ್ಕೆ ಹೋದಳು.